ಕೊರಿಯಾ ಪಾಠಕ್ಕೆ ನಮ್ಮೂರು ಹಾಕಿದ ಗ್ರೇಡು

ನಂಬೋದಾದರೆ ನಂಬಿ, ಇಲ್ಲವಾದರೆ ಬುಡಿ. ಕೊರಿಯಾ ದೇಶದವರಿಗೆ ಅವರದೇ ಭಾಷೆಯನ್ನು ಹೇಗೆ ಕಲಿಸಬೇಕು ಅಂತ ಬುದ್ಧಿ ಹೇಳಿದ್ದು ನಮ್ಮೂರು. ಬುದ್ಧಿ ಹೇಳಿದವರ ಮುಖಂಡ ನಾನು. ಕಟ್ಟೆಮಳಲವಾಡಿಯಿಂದ ಸೈಕಲ್ ತುಳಿದರೆ ಅರ್ಧ ಗಂಟೆಗೆ ಸಿಗುವ ನಮ್ಮೂರಿನ ಹೆಸರನ್ನು ಹುಣಸೂರು ಪೇಟೆಯಲ್ಲೇ ಅರ್ಧ ಜನ ಕೇಳಿಲ್ಲ. ಕೊರಿಯಾದವರು ಕೇಳಿದ್ದಾರೆ. ನಗಬೇಡಿ. ಸ್ಟಾಂಪು ಸಮೇತ ಕವರುಗಳು ನನ್ನ ಹತ್ತಿರ ಇವೆ. ಅನುಮಾನ ಇದ್ದವರು ಬಂದು ನೋಡಿಕೊಂಡು ಹೋಗಬಹುದು, ಕಾಫಿ ನಮ್ಮ ಮನೆಯದೇ.

ಬೇರೆಯವರಿಗೆ ಇಂಥವು ಜನ್ಮಕ್ಕೊಂದು ಸಲ ನಡೆಯುತ್ತವೇನೋ. ನನಗೆ ಸೀಜನ್ನಿಗೆ ಐದಾರು ನಡೆಯುತ್ತವೆ. ನಾನು ಸುಮ್ಮನೆ ಕೂತಿದ್ದರೂ ಹುಡುಕಿಕೊಂಡು ಬರುತ್ತವೆ. ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ, ಅದು ಬೇರೆ ಮಾತು.

೧. ಐದು, ಐದು, ಐದು, ಐದು, ಐದು

ಮೊಬೈಲು ಇನ್ನೂ ಪೇಟೆಯ ದೊಡ್ಡ ಮನುಷ್ಯರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ನಮಗೆ ಇದ್ದದ್ದು ಅಪ್ಪನ ಮೂರು ಬ್ಯಾಂಡಿನ ರೇಡಿಯೋ. ಅದರ ಜಾಗ ಮನೆಯಲ್ಲ, ಬ್ಯಾರನ್ನು. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲೆಲ್ಲ ಎತ್ತರದ ಗೋಡೆಯ ಒಂದು ಕೋಣೆ ಇರುತ್ತದೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಅದರೊಳಗೆ ನೇತುಹಾಕಿ, ಹೊರಗಿನಿಂದ ಒಲೆ ಉರಿಸಿ ಆರೇಳು ದಿನ ಬೇಯಿಸುತ್ತೇವೆ. ಅದೇ ಬ್ಯಾರನ್ನು. ಒಲೆ ಬಿಟ್ಟು ಏಳುವ ಹಾಗಿಲ್ಲ. ಕೂತವನಿಗೆ ಬೇಜಾರಾಗದಿರಲಿ ಅಂತ ರೇಡಿಯೋ.

ಒಂದು ಬೆಳಿಗ್ಗೆ ಕ್ರಿಕೆಟ್ ಕಾಮೆಂಟರಿ ಹುಡುಕುತ್ತಾ ಮುಳ್ಳು ತಿರುಗಿಸುತ್ತಿದ್ದೆ. ಯಾವಳೋ ಹೆಂಗಸು ಒಂದು ಮಾತನ್ನು ನಿಧಾನಕ್ಕೆ ಹೇಳಿದಳು. ಅದನ್ನೇ ಬೇಗ ಹೇಳಿದಳು. ಮತ್ತೊಂದು ಸಲ ಹೇಳಿ ಸುಮ್ಮನಾದಳು. ಆ ಸುಮ್ಮನಿರುವ ಹೊತ್ತು ನಾವು ಹೇಳುವುದಕ್ಕೆ ಅಂತ, ಜೊತೆಯಲ್ಲಿದ್ದ ಗಂಡಸು ಇಂಗ್ಲಿಷಿನಲ್ಲಿ ವಿವರಿಸಿದ. ಕೊರಿಯಾದ ರೇಡಿಯೋ, ಹತ್ತು ನಿಮಿಷದ ಭಾಷಾ ಪಾಠ. ಇಂಗ್ಲಿಷು ನನಗೆ ಹೇಗೆ ತಿಳಿಯಿತು ಅನ್ನುತ್ತೀರಾ? ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಮೂರು ಸಲ ಫೇಲಾದವನು ನಾನು. ಅಂದರೆ ಪಾಸಾದವರಿಗಿಂತ ಮೂರು ಪಟ್ಟು ಇಂಗ್ಲಿಷ್ ಓದಿದವನು.

ಪಾಠ ಮುಗಿದ ಮೇಲೆ ಒಂದು ಕೋರಿಕೆ ಬರುತ್ತಿತ್ತು. ನಮ್ಮ ಪ್ರಸಾರ ನಿಮ್ಮೂರಲ್ಲಿ ಹೇಗೆ ಕೇಳಿಸಿತು ಬರೆಯಿರಿ. ಸದ್ದು ಎಷ್ಟು ಜೋರು, ಬೇರೆ ಸ್ಟೇಷನ್ನಿನ ಕಾಟ ಇದೆಯೇ ಇಲ್ಲವೇ, ಹೀಗೆ ಐದು ವಿಷಯಕ್ಕೆ ಒಂದೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ ಹಾಕಿ ಕಳಿಸಿದರೆ ಉತ್ತರ ಬರೆಯುತ್ತೇವೆ ಅಂತ. ನಿಜ ಹೇಳಬೇಕೆಂದರೆ ನಮ್ಮ ರೇಡಿಯೋದಲ್ಲಿ ಕೊರಿಯಾ ಕೇಳಿಸುತ್ತಿದ್ದದ್ದು ಒಗ್ಗರಣೆ ಚಟಪಟ ಅನ್ನುವುದರ ಮಧ್ಯೆ ಯಾರೋ ಮಾತಾಡಿದ ಹಾಗೆ. ಆದರೆ ಅಂಕ ಜಾಸ್ತಿ ಕೊಟ್ಟರೆ ಅವರೂ ಏನಾದರೂ ಜಾಸ್ತಿ ಕೊಟ್ಟಾರು ಅಂತ ನಾನು ಐದಕ್ಕೂ ಐದೈದು ಹಾಕಿದೆ. ಅದೂ ಸೊಪ್ಪು ಮುರಿಯುವ ಗಲಾಟೆಯಲ್ಲಿ ರೇಡಿಯೋ ಹಾಕದೇ ಇದ್ದ ದಿನದ ತಾರೀಖಿಗೆ.

ಒಂದೂವರೆ ತಿಂಗಳು ಕಳೆದು ಚಂದದ ಒಂದು ಕಾರ್ಡು, ಜೊತೆಗೊಂದು ಕಾಗದ ಬಂತು. 'ತಾವು ಬರೆದ ದಿನ ರಿಪೇರಿ ಕೆಲಸದಿಂದಾಗಿ ನಮ್ಮ ಆ ಹೊತ್ತಿನ ಪ್ರಸಾರ ಇರಲಿಲ್ಲ. ಆದರೂ ತಮಗೆ ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದಕ್ಕೆ ನಾವು ಆಭಾರಿಗಳು.'

ಸ್ಟೇಷನ್ನು ಬಂದ್ ಆಗಿದ್ದರೂ ಐದಕ್ಕೆ ಐದು ಕೇಳಿಸುವ ಕಿವಿ ಈ ಮೈಸೂರು ಜಿಲ್ಲೆಯಲ್ಲಿ ಇನ್ಯಾರಿಗಾದರೂ ಇದ್ದರೆ ಮುಂದೆ ಬರಲಿ.

೨. ನಲವತ್ತು ಜನರ ಕ್ಲಬ್ಬು

ಕ್ಷಮೆ ಕೇಳಿ ಬರೆದೆ. ಬರೆಯುವಾಗ, ಒಬ್ಬನೇ ಕೇಳಿದರೆ ಬೆಲೆ ಇರುವುದಿಲ್ಲ ಅಂತ, ನಾನು ನಲವತ್ತು ಸದಸ್ಯರಿರುವ ಕೇಳುಗರ ಕ್ಲಬ್ಬಿನ ಅಧ್ಯಕ್ಷ ಅಂತಲೂ ಸೇರಿಸಿದೆ. ಕ್ಲಬ್ಬಿನಲ್ಲಿ ಇದ್ದದ್ದು ನಾನು. ರೇಡಿಯೋವನ್ನೂ ಎಣಿಸಿದರೆ ಇಬ್ಬರು.

ಮುಂದಿನ ಕವರು ದಪ್ಪಗಿತ್ತು. ನಮ್ಮ ಪೋಸ್ಟಣ್ಣ ಯಾವ ಕಾಗದವನ್ನೂ ಮನೆಗೆ ತಂದು ಕೊಟ್ಟವರಲ್ಲ. ಬೆಳಿಗ್ಗೆ ಡೈರಿಗೆ ಊರೆಲ್ಲ ಹಾಲು ಹಾಕಲು ನಿಂತಿರುತ್ತದಲ್ಲ, ಅಲ್ಲೇ ಹೆಸರು ಕೂಗಿ ಹಂಚುತ್ತಿದ್ದರು.

"ಏನಪ್ಪಾ, ಕೊರಿಯಾದಿಂದ ಮತ್ತೆ ಬಂದದೆ! ಎಣ್ಣು ಗಿಣ್ಣು ಕೊಡ್ತಾರಂತಾ ಎಂಗೆ?"

ಊರೆಲ್ಲ ನಕ್ಕಿತು. ನಾನು ಎದೆ ಉಬ್ಬಿಸಿ ಅಲ್ಲೇ ಕವರು ಒಡೆದು, ಕಾಗದ ಓದಿ, ಕನ್ನಡದಲ್ಲಿ ಹೇಳಿದೆ. ಕೊರಿಯನ್ ಪಾಠ ಹೇಗಿದೆ ಅಂತ ಅವರಿಗೆ ತಿಳಿಯಬೇಕಂತೆ. ನಾನು ಅಧ್ಯಕ್ಷನಾಗಿರುವ ಕ್ಲಬ್ಬಿನ ನಲವತ್ತು ಸದಸ್ಯರೂ ಐದರಲ್ಲಿ ಇಷ್ಟು ಅಂತ ಅಂಕ ಹಾಕಿ, ಯಾಕೆ ಅಂತ ಎರಡು ಸಾಲು ಬರೆಯಬೇಕಂತೆ. ಫಾರಂ ಕಳಿಸುವ ಕ್ಲಬ್ಬುಗಳಲ್ಲಿ ಒಂದನ್ನು ಆರಿಸಿ, ಅದರ ಒಬ್ಬರನ್ನು ವಿಮಾನದಲ್ಲಿ ಕೊರಿಯಾಕ್ಕೆ ಕರೆಸಿಕೊಳ್ಳುತ್ತಾರಂತೆ.

"ಬರೆದಿಟ್ಕೊಳಿ," ಅಂದೆ. "ಬರೋ ಸೊಪ್ಪಿನ ಸೀಜನ್ನಿಗೆ ನಾನು ಈ ಊರಲ್ಲಿರಾಕಿಲ್ಲ. ಕೊರಿಯಾದಲ್ಲಿರ್ತೀನಿ."

ಹಾಲಿನ ಕ್ಯಾನು ಹಿಡಿದು ಹಿಂದೆ ನಿಂತಿದ್ದ ಅಪ್ಪ ಮಾತಾಡಿದರು. ನಮ್ಮಪ್ಪ ದಿನಕ್ಕೆ ಹತ್ತು ಮಾತಾಡುವವರು. ಅವತ್ತು ಹತ್ತನ್ನೂ ಅಲ್ಲೇ ಖರ್ಚು ಮಾಡಿದರು. "ಈ ಸಲದ ಸೊಪ್ಪಿನ ಅರಾಜು ಮುಗಿಯೋಗಂಟ ನೋಡ್ತೀನಿ ಕಣ್ಲಾ. ಆ ಕೊರಿಯಾದಿಂದ ಒಂದು ಬೆಲೆ ಬಾಳೋ ಸಾಮಾನು ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ರೇಡಿಯೋ ಮಡಿಗಿ, ಕೆ.ಆರ್. ನಗರದಲ್ಲಿ ನಿಮ್ಮ ಮಾವನ ಅಕ್ಕಿ ಗಿರಣಿಗೆ ಓಗಿ ಮೂಟೆ ಓರು."

ಮಾವನ ಗಿರಣಿ ಅಂದರೆ ತಲೆಯಿಂದ ಕಾಲಿನವರೆಗೆ ತೌಡು. ಅಲ್ಲಿಗೆ ಹೋದವರ ಕಣ್ಣುಗುಡ್ಡೆ ಮಾತ್ರ ಕಪ್ಪಗಿರುತ್ತದೆ. ನನ್ನಂಥವನು ಅಲ್ಲಿ!

"ಆಗ್ಲಿ," ಅಂದೆ. ಕವರಿನೊಳಗಿಂದ ಫಾರಂಗಳನ್ನು ಹೊರಗೆಳೆದೆ. ಪೋಸ್ಟಣ್ಣ ಬೆರಳು ನೆಕ್ಕಿ ಎಣಿಸಿದರು. ಸರಿಯಾಗಿ ನಲವತ್ತು.

"ಅಧ್ಯಕ್ಷರೇ," ಅಂದರು, "ನಿನ್ನ ಕ್ಲಬ್ಬಲ್ಲಿ ತಾವು ಇದ್ದೀವಿ ಅಂತ ಮಿಕ್ಕ ಮೂವತ್ತೊಂಬತ್ತು ಜನಕ್ಕೆ ಯಾರು ಯೋಳ್ತಾರೆ? ನೀನೇ ಯೋಳ್ತೀಯೋ, ನಾ ಕಾಗದ ಆಕ್ಲೋ?"

೩. ಬ್ರೈಟು, ಮೀಡಿಯಂ, ಲೋ

ಜನ ಒಂದೇ ಕಡೆ ಸಿಗುವ ಜಾಗ ಅಂದರೆ ನಮ್ಮ ಸೊಪ್ಪಿನ ಷೆಡ್ಡು. ಬೆಂದ ಸೊಪ್ಪನ್ನು ಅಲ್ಲಿ ಗುಡ್ಡೆ ಹಾಕಿಕೊಂಡು ಹೆಂಗಸರು ಗ್ರೇಡು ಮಾಡುತ್ತಾರೆ. ನಿಂಬೆ ಹಣ್ಣಿನ ಬಣ್ಣದ ಎಲೆ ಬ್ರೈಟು, ಸ್ವಲ್ಪ ಮಂಕಾದದ್ದು ಮೀಡಿಯಂ, ಕಂದಿದ್ದು ಲೋ. ನಮ್ಮ ದೊಡ್ಡವ್ವ ಆ ಷೆಡ್ಡಿನ ಯಜಮಾನಿ. ಕಣ್ಣು ಮುಚ್ಚಿಕೊಂಡು ಬರೀ ಬೆರಳಿನಲ್ಲಿ ಎಲೆ ತಿಕ್ಕಿ ಗ್ರೇಡು ಹೇಳುವ ಹೆಂಗಸು.

ಬೆಳಿಗ್ಗೆ ಎಂಟಕ್ಕೆ ರೇಡಿಯೋವನ್ನು ಗುಡ್ಡೆಗಳ ನಡುವೆ ಇಟ್ಟು ನಾನು ಭಾಷಣ ಮಾಡಿದೆ. "ನೀವೆಲ್ಲ ನಮ್ಮ ಕ್ಲಬ್ಬಿನ ಸದಸ್ಯರು. ಪಾಠ ಕೇಳಿ, ಐದರಲ್ಲಿ ಎಷ್ಟು ಅಂತ ಯೋಳಿ. ಐದು ಅಂತ ಯೋಳಿದ್ರೆ ಸಾಕು."

ಇಲ್ಲೇ ನಾನು ಎಡವಿದ್ದು. ಒಂದು ವಿಷಯ ಮರೆತಿದ್ದೆ. ಈ ಜನ ವರ್ಷಾನುಗಟ್ಟಲೆ ಬ್ರೈಟು ಅಂತ ಕಟ್ಟಿಕೊಂಡು ಹೋದ ಸೊಪ್ಪಿಗೆ ಹರಾಜು ಕಟ್ಟೆಯಲ್ಲಿ ಯಾರೋ ಷೂ ಹಾಕಿದವನು ಬಂದು, ಒಂದೆಲೆ ಎಳೆದು, ಮೂಸಿ, "ಮೀಡಿಯಂ" ಅಂದು ಮುಂದಕ್ಕೆ ಹೋಗುತ್ತಿದ್ದ. ಇವರು ಕೈಕಟ್ಟಿ ನಿಂತಿರುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಗ್ರೇಡು ಹಾಕುವ ಅಧಿಕಾರ ಇವರ ಕೈಗೆ ಬಂದಿದೆ. ಅದೂ ಒಂದು ದೇಶಕ್ಕೆ!

ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಪಾಠ ಮುಗಿಯಿತು.

"ಏನಂತ್ಲಾ ಅವ್ಳು ಅಂದಿದ್ದು?"

"ವಿಮಾನ ನಿಲ್ದಾಣ ಎಲ್ಲದೆ ಅಂತ ಕೇಳೋದು ಎಂಗೆ ಅಂತ, ದೊಡ್ಡವ್ವ."

"ಆ ದೇಶಕ್ಕೆ ಓಗೋದು ಯಾತರಲ್ಲಿ?"

"ವಿಮಾನದಲ್ಲಿ."

"ವಿಮಾನ ಇಳಿದೋನು ವಿಮಾನ ನಿಲ್ದಾಣದಲ್ಲೇ ನಿಂತಿರ್ತಾನಲ್ಲಾ. ಅದೆಲ್ಲದೆ ಅಂತ ಇನ್ನೊಬ್ಬನ್ನ ಕೇಳ್ತಾನಾ? ತಿಕ್ಲು."

ಷೆಡ್ಡು ಗೊಳ್ಳೆಂದಿತು. ಇನ್ನೊಬ್ಬಳು ಮೂಲೆಯಿಂದ ಸೇರಿಸಿದಳು: "ಆ ಗಂಡಸಿಗೆ ಅಲ್ಲೇನು ಕೆಲ್ಸ? ಅವ್ಳು ಮೂರು ಸಲ ಯೋಳಿ ಸುಸ್ತಾಗವ್ಳೆ, ಅವ್ನು ಮಧ್ಯ ಬಾಯಾಕ್ತಾನೆ. ನಮ್ಮನೆಯವ್ನ ಅಂಗೆ."

"ಉಂಡ್ಯಾ ಅಂತ ಕೇಳೋದ ಕಲಿಸವ್ರಾ?" ದೊಡ್ಡವ್ವ ಬಿಡಲಿಲ್ಲ.

"ಇನ್ನೂ ಇಲ್ಲ."

"ಎಷ್ಟು ಪಾಠ ಆಗದೆ?"

"ನಾನು ಕೇಳಿರೋದು ಮೂವತ್ತು."

"ಮೂವತ್ತು ಪಾಠ ಮಾಡವ್ರೆ, ಒಬ್ಬರನ್ನೊಬ್ಬರು ಉಂಡ್ಯಾ ಅಂತ ಕೇಳಿಲ್ಲ? ಎಂಥಾ ಜನ್ವೋ. ಲೋ ಆಕು."

"ದೊಡ್ಡವ್ವ, ಲೋ ಅಂತ ಇಲ್ಲ ಅಲ್ಲಿ. ಒಂದರಿಂದ ಐದು. ನಿನ್ನ ದಮ್ಮಯ್ಯ, ಐದು ಅನ್ನು. ನಾ ಕೊರಿಯಾಕ್ಕೆ ಓಗ್ಬೇಕು."

"ಮೊದ್ಲೇ ಐದಂದ್ರೆ ಆಮ್ಯಾಕೆ ಏರ್ಸೋಕೆ ಏನಿರ್ತದೆ? ಎರಡು ಬರ್ಕೋ. ಸರಿಯಾಗಿ ಪಾಠ ಮಾಡ್ಲಿ, ಆಗ ನೋಡಾನ."

ಅವಳು ಎರಡು ಅಂದ ಮೇಲೆ ಮಿಕ್ಕವರು ಮೂರು ಅನ್ನುತ್ತಾರೆಯೇ? ಒಬ್ಬೊಬ್ಬರೂ ಕಾರಣ ಹುಡುಕಿ ಹುಡುಕಿ ಒಂದು, ಎರಡು ಅಂತ ಬರೆಸಿದರು. ನಾನು ಅಳುವ ಮುಖ ಮಾಡಿಕೊಂಡು ಅವರ ಮಾತನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದೆ. ಬೆರಳೊತ್ತು ಹಾಕುವ ಮೊದಲು ದೊಡ್ಡವ್ವ ಫಾರಮ್ಮನ್ನು ಕೈಗೆ ತೆಗೆದುಕೊಂಡು, ಎರಡು ಬೆರಳಿನಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಕಾಗದ ಮಾತ್ರ ಬ್ರೈಟು ಕಣ್ಲಾ," ಅಂದಳು.

೪. ಮೂರು ಸಲ ಹೇಳಿದರೂ

ನಮ್ಮ ಬ್ಯಾರನ್ನಿನ ಬೆಂಕಿ ನೋಡುತ್ತಿದ್ದವರು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಯಿಂದ ಸೀಜನ್ನಿಗೆ ಬರುತ್ತಿದ್ದ ಒಬ್ಬ ಯಜಮಾನರು. ಥರ್ಮಾಮೀಟರು ನಾವು ನೋಡುತ್ತಿದ್ದೆವು, ಅವರು ಗೋಡೆಗೆ ಅಂಗೈ ಒತ್ತಿ ಶಾಖ ಹೇಳುತ್ತಿದ್ದರು. ಎರಡೂ ಬೇರೆ ಬೇರೆ ಬಂದರೆ ಅಪ್ಪ ಥರ್ಮಾಮೀಟರನ್ನು ರಿಪೇರಿಗೆ ಕಳಿಸುತ್ತಿದ್ದರು.

ನಾನು ಕೇಳುತ್ತಿದ್ದ ಪಾಠಗಳನ್ನೆಲ್ಲ ಅವರೂ ಒಲೆಯ ಮುಂದೆ ಕೂತು ಕೇಳಿದ್ದರು. ಅಂದರೆ ಇಡೀ ಊರಿನಲ್ಲಿ ನಿಜವಾದ ಸದಸ್ಯರು ಅವರೊಬ್ಬರೇ. ಫಾರಂ ಹಿಡಿದು ಹೋದೆ.

"ಐದು," ಅಂದರು. ನನಗೆ ಕಾಲಿಗೆ ಬೀಳೋಣ ಅನ್ನಿಸಿತು.

"ಯಾಕೆ ಅಂತಾನೂ ಬರೀಬೇಕು ಯಜಮಾನ್ರೇ. ಪಾಠ ಅರ್ಥ ಆಯ್ತದಾ ನಿಮಗೆ?"

"ಒಂದ್ಮಾತೂ ಆಗಾಕಿಲ್ಲ. ಆದ್ರೆ ಆ ಯಮ್ಮ ಒಂದೇ ಮಾತ ಮೂರು ದಪ ಯೋಳಿದ್ರೂ ಸಿಟ್ಟಾಗಾಕಿಲ್ಲ ನೋಡು. ಮೂರನೇ ದಪಾನೂ ಅದೇ ನಗಮುಖ. ನಾ ಕಂಡ ಮೇಷ್ಟ್ರು, ಆಪೀಸರು, ಕಂಡಕ್ಟರು, ಎಲ್ಲಾ ಎರಡನೇ ದಪಕ್ಕೇ ಗದರಿಸ್ಕಂಡವ್ರೆ. ಅದಕ್ಕೇ ಐದು."

ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡೆ.

"ಇನ್ನೊಂದು ಬರ್ಕೋ ತಮ್ಮ," ಅಂದರು. "ಈ ಬ್ಯಾರನ್ ಮನೆ ಉಡುಗ ಸೌದೆ ತತ್ತಾ ಅಂತ ಒಂದ್ ದಪ ಯೋಳ್ತಾನೆ, ಎರಡನೇ ದಪಕ್ಕೆ ಕೂಗಾಡ್ತಾನೆ. ಇವನ್ಗೆ ಎಷ್ಟಾಕಬೇಕು ಅಂತ ಆ ಯಮ್ಮನ್ನೇ ಕೇಳು."

೫. ಬೈಲಕುಪ್ಪೆಯಲ್ಲಿ ನಾನು ಮಾಡಿದ ಪಾಠ

ಊರಲ್ಲಿ ಇಪ್ಪತ್ತೊಂದು ಫಾರಂ ಆದವು, ಆಮೇಲೆ ಯಾರೂ ಸಿಗಲಿಲ್ಲ. ಪಿರಿಯಾಪಟ್ಟಣದ ಮೇಲೆ ಬೈಲಕುಪ್ಪೆಗೆ ಬಸ್ಸು ಹತ್ತಿದೆ. ಅಲ್ಲಿ ಸ್ವೆಟರ್ ಅಂಗಡಿ ಇಟ್ಟಿದ್ದ ಟಿಬೆಟಿನ ಅಣ್ಣ ನನಗೆ ಪರಿಚಯ. ನನಗಿಂತ ಒಳ್ಳೆಯ ಕನ್ನಡ ಮಾತಾಡುವವರು. ನಾನು ವಿಷಯ ಹೇಳಿ ಫಾರಂ ತೆಗೆಯುವಷ್ಟರಲ್ಲಿ ಅವರು ನನ್ನ ಭುಜ ಹಿಡಿದು ತಿರುಗಿಸಿದರು.

"ನಮ್ಮ ಫಾರಂ ಇರ್ಲಿ ಮಾರಾಯ. ಅಲ್ನೋಡು. ಕೊರಿಯಾದೋರೇ ಬಂದವ್ರೆ. ಮಠಕ್ಕೆ ಬಂದ ಸನ್ಯಾಸಿನಿ. ಓಗು, ಎಲ್ಲರಿಗೂ ಯೋಳ್ಕೊಂಡು ತಿರುಗ್ತಿದ್ಯಲ್ಲ ಕೊರಿಯಾ ಭಾಷೆ ನೀರು ಕುಡಿದಂಗೆ ಅಂತ."

ಬೂದು ಬಣ್ಣದ ಬಟ್ಟೆ, ಬೋಳಿಸಿದ ತಲೆ, ನಮ್ಮ ಅಜ್ಜಿಯ ವಯಸ್ಸು. ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಎಂಟು ಜನ ನೋಡುತ್ತಿದ್ದಾರೆ. ಹಿಂದೆ ಸರಿಯುವುದು ನಮ್ಮ ವಂಶದಲ್ಲಿಲ್ಲ. ಎದುರಿಗೆ ನಿಂತು ಕೈಮುಗಿದೆ.

"ಅನ್ನ್ಯೊಂಗ್... ಹಾಸೆಯೋ," ಅಂದೆ, ನಿಧಾನಕ್ಕೆ. ಕೊರಿಯಾದವರ ನಮಸ್ಕಾರ ಅದು.

ಅವರ ಮುಖ ಅರಳಿತು. ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದು ತಡೆದೆ. ಇನ್ನೂ ಮುಗಿದಿರಲಿಲ್ಲವಲ್ಲ!

"ಅನ್ನ್ಯೊಂಗ್ ಹಾಸೆಯೋ," ಅಂದೆ, ಬೇಗ. ಮತ್ತೊಂದು ಸಲ ಹೇಳಿದೆ. ಆಮೇಲೆ ಸುಮ್ಮನೆ ನಿಂತು ಅವರ ಮುಖವನ್ನೇ ನೋಡಿದೆ.

ನಾನು ಕೊರಿಯನ್ ಕೇಳಿದ್ದು ಆ ಪಾಠದಲ್ಲಿ ಮಾತ್ರ. ನಿಧಾನಕ್ಕೊಂದು, ಬೇಗ ಒಂದು, ಮತ್ತೊಂದು, ಆಮೇಲೆ ಮೌನ. ಕೊರಿಯಾದಲ್ಲಿ ಮಾತಾಡುವ ಕ್ರಮವೇ ಅದು ಅಂತ ನಾನು ತಿಳಿದಿದ್ದೆ. ಅಷ್ಟು ಸಾವಧಾನದ ಜನ ಅಂತ ಮನಸ್ಸಿನಲ್ಲಿ ಗೌರವವೂ ಇಟ್ಟುಕೊಂಡಿದ್ದೆ.

ಆ ತಾಯಿ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ, ದೊಡ್ಡವರಲ್ಲವೇ, ಎದುರಿನವನು ಕಾಯುತ್ತಿದ್ದಾನೆ ಅಂತ ಲೋಟ ಕೆಳಗಿಟ್ಟು, ನಾನು ಹೇಳಿದ್ದನ್ನೇ ಸ್ಪಷ್ಟವಾಗಿ ತಿರುಗಿ ಹೇಳಿದರು. "ಶಭಾಷ್" ಅನ್ನುವ ಹಾಗೆ ನಾನು ತಲೆಯಾಡಿಸಿ ಎರಡನೇ ವಾಕ್ಯಕ್ಕೆ ಹೋದೆ. ಹೀಗೆ ನನಗೆ ಬರುತ್ತಿದ್ದ ಹನ್ನೊಂದು ವಾಕ್ಯವೂ ಮುಗಿದವು. ಹನ್ನೊಂದನ್ನೂ ಅವರು ಒಪ್ಪಿಸಿದರು. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕಣ್ಣೊರೆಸಿಕೊಂಡರು.

ಫಾರಂ ಕೊಟ್ಟೆ. ನಗುತ್ತಲೇ ಅವರ ಅಕ್ಷರದಲ್ಲಿ ಪುಟ ತುಂಬ ಬರೆದರು. ನನಗೆ ಓದಲು ಬರಲಿಲ್ಲ. ರೇಡಿಯೋದಲ್ಲಿ ಅಕ್ಷರ ಬರುವುದಿಲ್ಲವಲ್ಲ.

ಸ್ವೆಟರ್ ಅಂಗಡಿಯ ಅಣ್ಣ ಎಲ್ಲವನ್ನೂ ನೋಡಿ ಹೇಳಿದರು: "ಪರವಾಗಿಲ್ಲ ಮಾರಾಯ. ನೀನು ಬರೋ ಮುಂಚೆ ಆ ತಾಯಿಗೆ ಕೊರಿಯನ್ ಎಷ್ಟು ಬತ್ತಿತ್ತೋ, ನೀನು ಕಲಿಸಿದ ಮೇಲೂ ಅಷ್ಟೇ ಬತ್ತದೆ. ಕಮ್ಮಿ ಆಗಿಲ್ಲ."

೬. ಬೇಲು ಕಟ್ಟಿದ್ದು

ಇಪ್ಪತ್ತೆರಡು ಫಾರಂ ಹರಡಿಕೊಂಡು ಬ್ಯಾರನ್ನಿನ ಮುಂದೆ ಕೂತೆ. ಯಜಮಾನರದೊಂದು ಐದು. ಸನ್ಯಾಸಿನಿಯದು ಓದಲು ಬಾರದ್ದು. ಮಿಕ್ಕಿದ್ದೆಲ್ಲ ಒಂದು, ಎರಡು, ಎರಡು, ಒಂದು. ಇದನ್ನು ನೋಡಿ ಯಾರು ವಿಮಾನ ಕಳಿಸುತ್ತಾರೆ? ಕಣ್ಣು ಮುಚ್ಚಿದರೆ ಮಾವನ ಗಿರಣಿಯ ತೌಡು ಕಾಣುತ್ತಿತ್ತು.

ಖಾಲಿ ಫಾರಂ ಹದಿನೆಂಟು ಇದ್ದವಲ್ಲ, ಅದರಲ್ಲಿ ಹದಿನೇಳನ್ನು ನಾನೇ ತುಂಬಿದೆ. ಬಲಗೈಯಲ್ಲಿ, ಎಡಗೈಯಲ್ಲಿ, ಪೆನ್ನಿನಲ್ಲಿ, ಪೆನ್ಸಿಲ್ಲಿನಲ್ಲಿ. ಎಲ್ಲದಕ್ಕೂ ಐದು. ಎಲ್ಲದಕ್ಕೂ 'ಅತ್ಯುತ್ತಮ ಪಾಠ'. ಆಮೇಲೆ ಕಟ್ಟು ಕಟ್ಟುವಾಗ ತಲೆ ಓಡಿಸಿದೆ. ಐದರ ಫಾರಂ ಮೇಲೊಂದಷ್ಟು, ಕೆಳಗೊಂದಷ್ಟು, ಒಂದು ಎರಡರವನ್ನು ನಡುವೆ. ಹರಾಜಿಗೆ ಒಯ್ಯುವ ಸೊಪ್ಪಿನ ಮೂಟೆಯನ್ನು, ಅಂದರೆ ಬೇಲನ್ನು, ಕಟ್ಟುವವರಲ್ಲಿ ಕೆಲವರು ಮಾಡುವ ಕಿತಾಪತಿ ಅದೇ. ಸುತ್ತ ಬ್ರೈಟು, ಹೊಟ್ಟೆಯಲ್ಲಿ ಲೋ. ಸಿಕ್ಕಿಬಿದ್ದರೆ ಹರಾಜು ಕಟ್ಟೆಯಲ್ಲಿ ಬೇಲನ್ನು ಎಲ್ಲರೆದುರು ಬಿಚ್ಚಿ ಪಕ್ಕಕ್ಕೆ ಎಸೆಯುತ್ತಾರೆ.

ಹಿಂದಿನ ವರ್ಷ ನಮ್ಮದೊಂದು ಬೇಲಿಗೆ ಹಾಗಾಗಿತ್ತು. ಊರವರೆಲ್ಲ ನೋಡುತ್ತಿದ್ದ ಹಾಗೆ ಅಪ್ಪ ಚೆಲ್ಲಿದ ಸೊಪ್ಪನ್ನು ಬಗ್ಗಿ ಬಗ್ಗಿ ಆರಿಸಿಕೊಂಡಿದ್ದರು. ಆ ಬೇಲು ಕಟ್ಟಿದ್ದು ನಾನು. ಅಪ್ಪ ಅವತ್ತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ಒಲೆಗೆ ಸೌದೆ ಹಾಕಲು ಬಂದವರು ನನ್ನ ಕಟ್ಟನ್ನು ಕಂಡರು. ಮೇಲಿನದೊಂದು ಎಳೆದು ನೋಡಿದರು. ಅಡಿಯದೊಂದು ಎಳೆದರು. ಆಮೇಲೆ ಸೀದಾ ನಡುವಿಗೆ ಕೈ ಹಾಕಿದರು, ಹರಾಜಿನವನು ಹಾಕುವ ಹಾಗೇ.

"ಮತ್ತೆ ಬೇಲು ಕಟ್ಟಿದ್ಯೇನ್ಲಾ?"

"ಇಲ್ಲ ಅಪ್ಪ, ಅದೂ... ಕೊರಿಯಾದೋರಿಗೆ ಎಂಗೆ ತಿಳೀತದೆ?"

"ನನ್ಗೆ ತಿಳೀತಲ್ಲ."

ಹದಿನೇಳನ್ನೂ ಒಂದೊಂದಾಗಿ ಬೇರೆ ಮಾಡಿದರು. ನಾನು ಎಡಗೈಯಲ್ಲಿ ಬರೆದದ್ದನ್ನೂ ಕಂಡುಹಿಡಿದರು. ಆರನೇ ಕ್ಲಾಸು ಓದಿದ ಮನುಷ್ಯ! ಹದಿನೇಳನ್ನೂ ಬ್ಯಾರನ್ನಿನ ಒಲೆಗೆ ಹಾಕಿದರು. ಉಳಿದಿದ್ದ ಒಂದು ಖಾಲಿ ಫಾರಮ್ಮನ್ನು ತೆಗೆದುಕೊಂಡು, ನನಗೆ ಬೆನ್ನು ಹಾಕಿ ಕೂತು, ಕನ್ನಡದಲ್ಲಿ ಏನೋ ಬರೆದು, ಮಡಿಸಿ, ಕವರಿನೊಳಗೆ ತೂರಿಸಿ, ಅಂಟನ್ನೂ ತಾವೇ ಹಚ್ಚಿದರು. ಪೋಸ್ಟಣ್ಣನ ಕೈಗೂ ತಾವೇ ಕೊಡುತ್ತೇನೆ ಅಂದರು.

ನನಗೆ ಕೊರಿಯಾ ಅಲ್ಲಿಗೆ ಮುಗಿಯಿತು. ಒಲೆಯ ಮುಂದೆ ತಲೆ ಹಿಡಿದು ಕೂತಿದ್ದೆ. ಅಪ್ಪ ಹೋಗುವಾಗ ತಿರುಗಿ ಹೇಳಿದರು:

"ಚಂದಾಗಿ ಉರಿದ್ವು ಕಣ್ಲಾ ನಿನ್ನ ಫಾರಂ. ಅದಕ್ಕೆ ಐದಕ್ಕೆ ಐದು."

೭. ಕೊನೆಗೆ ಬಂದದ್ದು

ಹರಾಜು ಮುಗಿಯುತ್ತಾ ಬಂತು. ಮಾವ ಎರಡು ಸಲ ಹೇಳಿಕಳಿಸಿದ್ದೂ ಆಯಿತು. ನಾನು ಬಟ್ಟೆ ಗಂಟು ಕಟ್ಟಿಟ್ಟಿದ್ದೆ. ಆ ವಾರ ಪೋಸ್ಟಣ್ಣ ಡೈರಿಯ ಹತ್ತಿರ ನಿಲ್ಲಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಮನೆಯ ಬಾಗಿಲಿಗೆ ಬಂದರು. ಸೈಕಲಿನ ಹಿಂದೆ ಒಂದು ಡಬ್ಬಿ. ಅವರ ಹಿಂದೆ ಊರು.

ಡಬ್ಬಿಯೊಳಗೆ ಹೊಚ್ಚಹೊಸ ರೇಡಿಯೋ. ಮುಳ್ಳಿಲ್ಲ, ಅಂಕಿಯಲ್ಲೇ ಸ್ಟೇಷನ್ನು ತೋರಿಸುವಂಥದ್ದು. ಜೊತೆಗೆ ಕಾಗದ. ನಾನು ಜಗಲಿಯ ಮೇಲೆ ನಿಂತು ಓದಿದೆ.

ಕೊರಿಯಾ ಪ್ರಯಾಣ ಬೇರೆ ಯಾವುದೋ ದೇಶದ ಕ್ಲಬ್ಬಿಗೆ ಹೋಗಿತ್ತು. ಅದನ್ನು ಸ್ವಲ್ಪ ಮೆಲ್ಲಗೆ ಓದಿದೆ. ಮುಂದಿನದನ್ನು ಜೋರಾಗಿ ಓದಿದೆ. 'ನಮಗೆ ಬಂದ ಫಾರಂಗಳಲ್ಲಿ ಹೆಚ್ಚಿನವು ಐದಕ್ಕೆ ಐದು, ಪಾಠ ಚೆನ್ನಾಗಿದೆ ಎಂದಷ್ಟೇ ಹೇಳಿದವು. ಏನು ತಿದ್ದಿಕೊಳ್ಳಬೇಕು ಎಂದು ಕೂತು ಯೋಚಿಸಿ ಹೇಳಿದ್ದು ನಿಮ್ಮ ಕ್ಲಬ್ಬು. ವಿಮಾನ ನಿಲ್ದಾಣದ ಪಾಠವನ್ನು ಬದಲಾಯಿಸಿದ್ದೇವೆ. ಊಟವಾಯಿತೇ ಎಂದು ನಮ್ಮ ದೇಶದ ಹಿರಿಯರೂ ಕೇಳುತ್ತಾರೆ, ನಾವೇ ಮರೆತಿದ್ದೆವು. ಬರುವ ತಿಂಗಳ ಮೊದಲ ಪಾಠ ಅದೇ. ಕೊರಿಯನ್ನಿನಲ್ಲಿ ಬರೆದ ಹಿರಿಯರೊಬ್ಬರು, ನಮ್ಮ ಪಾಠ ಕೇಳಿದ ಹುಡುಗನೊಬ್ಬ ತಮ್ಮಿಂದ ಎಲ್ಲವನ್ನೂ ಒಪ್ಪಿಸಿಕೊಂಡನೆಂದೂ, ಹಾಗಾಗಿ ಸಹಜವಾಗಿ ಮಾತಾಡುವುದನ್ನೂ ಒಮ್ಮೆ ಕೇಳಿಸಬೇಕೆಂದೂ ಸಲಹೆ ಕೊಟ್ಟಿದ್ದಾರೆ. ಅದನ್ನೂ ಸೇರಿಸಿದ್ದೇವೆ.' ಕೊನೆಯಲ್ಲಿ, ಒಂದು ವರ್ಷ ತಿಂಗಳಿಗೊಂದು ವರದಿ ಕಳಿಸುವ ಮಾನಿಟರ್ ಆಗಿ ನನ್ನನ್ನು ನೇಮಿಸಿದ್ದರು. ಸ್ಕೂಲಿನಲ್ಲಿ ಹತ್ತು ವರ್ಷ ಕೂತರೂ ನನ್ನನ್ನು ಒಂದು ದಿನ ಮಾನಿಟರ್ ಮಾಡಿರಲಿಲ್ಲ.

ಅಪ್ಪ ರೇಡಿಯೋವನ್ನು ಎತ್ತಿ ನೋಡಿದರು, ತೂಗಿ ನೋಡಿದರು, ತಿರುಗಿಸಿ ನೋಡಿದರು.

"ಬೆಲೆ ಬಾಳ್ತದೆ," ಅಂದರು. "ಗಿರಣಿಗೆ ಬ್ಯಾರೆ ಯಾರನ್ನಾದ್ರೂ ನೋಡ್ಕೊಳಕೆ ಯೋಳ್ತೀನಿ ನಿಮ್ಮ ಮಾವನ್ಗೆ."

ಮುಂದಿನ ತಿಂಗಳು, ಕೊನೆಯ ಹರಾಜಿಗೆ ಉಳಿದಿದ್ದ ಸೊಪ್ಪನ್ನು ಗ್ರೇಡು ಮಾಡುವಾಗ, ಷೆಡ್ಡಿನ ನಡುವೆ ಹೊಸ ರೇಡಿಯೋ ಇಟ್ಟೆ. ಒಗ್ಗರಣೆಯ ಸದ್ದಿಲ್ಲ, ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಆ ಹೆಂಗಸಿನ ದನಿ. ಊಟವಾಯಿತೇ ಅಂತ ನಿಧಾನಕ್ಕೆ ಕೇಳಿದಳು. ನಾನು ಅರ್ಥ ಹೇಳಿದೆ. ಬೇಗ ಕೇಳಿದಳು. ಮತ್ತೊಮ್ಮೆ ಕೇಳಿದಳು. ನಾವು ತಿರುಗಿ ಹೇಳಲಿ ಅಂತ ಸುಮ್ಮನಾದಳು.

ಆ ಮೌನದಲ್ಲಿ ದೊಡ್ಡವ್ವ ಕೈಯಲ್ಲಿದ್ದ ಎಲೆ ಕೆಳಗಿಟ್ಟು ರೇಡಿಯೋದ ಕಡೆ ಬಗ್ಗಿದಳು. "ಉಂಡೆ ಕಣವ್ವಾ, ಈಗ್ತಾನೆ ಎರಡು ರೊಟ್ಟಿ ತಿಂದೆ. ನೀನು ಉಂಡ್ಯಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಆಕ್ಲಾ ಬ್ರೈಟು," ಅಂದಳು.

ಒಂದು ಮಾತು ಉಳಿದಿದೆ. ರೇಡಿಯೋ ಬಂದ ದಿನ, ಊರವರೆಲ್ಲ ಹೋದ ಮೇಲೆ, ಡಬ್ಬಿಯ ತಳದಲ್ಲಿ ಇನ್ನೊಂದು ಚೀಟಿ ಸಿಕ್ಕಿತು. 'ಇಪ್ಪತ್ತಮೂರು ಫಾರಂಗಳಲ್ಲಿ ಒಂದರ ಲಿಪಿಯನ್ನು ಓದುವವರು ನಮ್ಮಲ್ಲಿಲ್ಲ. ಅಧ್ಯಕ್ಷರು ದಯವಿಟ್ಟು ಇಂಗ್ಲಿಷಿಗೆ ತಿರುಗಿಸಿ ಕಳಿಸಬೇಕು.' ಅದಕ್ಕೆ ಗುಂಡುಪಿನ್ನು ಚುಚ್ಚಿ ಅಪ್ಪನ ಫಾರಂ.

ಅಪ್ಪನ ದಪ್ಪ ಅಕ್ಷರ. 'ಪಾಠಕ್ಕೆ ಎರಡು. ನನಗೆ ಅರ್ಥ ಆಗಲಿಲ್ಲ. ಆದರೆ ಇದು ಶುರುವಾದ ಮೇಲೆ ನನ್ನ ಮಗ ಒಂದು ಕಡೆ ಕೂರುತ್ತಾನೆ. ಡಿಕ್ಷನರಿ ತೆಗೆದು ನೋಡುತ್ತಾನೆ. ಊರವರ ಮಾತನ್ನೆಲ್ಲ ಬಿಡದೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಕೊಚ್ಚಿಕೊಳ್ಳುವುದು ಜಾಸ್ತಿ. ಹುಡುಗನಿಗೆ ನಾಲ್ಕು. ಐದು ಹಾಕಿದರೆ ಹಿಡಿಯುವುದಕ್ಕೆ ಆಗುವುದಿಲ್ಲ.'

ಡಿಕ್ಷನರಿ ಮುಂದಿಟ್ಟುಕೊಂಡು ಇಂಗ್ಲಿಷಿಗೆ ತಿರುಗಿಸಲು ಕೂತೆ. ಎಲ್ಲ ಬರೆದೆ. ನಾಲ್ಕು ಅನ್ನುವಲ್ಲಿ ಪೆನ್ನು ನಿಂತಿತು. ಐದು ಅಂತ ಬರೆದರೆ ಕೊರಿಯಾದಲ್ಲಿ ಯಾರಿಗೆ ತಿಳಿಯುತ್ತದೆ? ಅಷ್ಟು ಹೊತ್ತಿಗೆ ಅಪ್ಪ ಹಾಲಿನ ಕ್ಯಾನು ಹಿಡಿದು ಮುಂದೆ ಹಾದುಹೋದರು. ನನ್ನ ಕಡೆ ನೋಡಲೂ ಇಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆದೆ. ಐದಕ್ಕೆ ನಾಲ್ಕು. ನನಗೆ ಕೊಟ್ಟಿದ್ದು ಅಷ್ಟು.